ಸಾವಿರ ಸೋಲಿನ ನಡುವೆ ಒಂದು ಲಾಗಿನ್

ನಮ್ಮ ಸೆಕ್ಯುರಿಟಿ ಮಾನಿಟರಿಂಗ್ ತಂಡಕ್ಕೆ ಹೊಸದಾಗಿ ಸೇರುವವರೆಲ್ಲ ಕೇಳುವ ಪ್ರಶ್ನೆ ಒಂದೇ: "ಎಸ್‌ಎಸ್‌ಎಚ್ ಎನ್‌ಕ್ರಿಪ್ಟ್ ಆಗಿರುತ್ತಲ್ಲ ಮೇಡಂ, ಟ್ರಾಫಿಕ್ ನೋಡಿದ್ರೆ ಏನ್ ಗೊತ್ತಾಗುತ್ತೆ?"

ಎಸ್‌ಎಸ್‌ಎಚ್ ಅಂದರೆ ದೂರದ ಸರ್ವರ್‌ಗೆ ಲಾಗಿನ್ ಆಗುವ ವಿಧಾನ; ಅದರಲ್ಲಿ ಹೋಗುವ ಮಾತು ಹೊರಗಿನವರಿಗೆ ಓದಲಾಗದು. ಆದರೂ ಬಹಳಷ್ಟು ಗೊತ್ತಾಗುತ್ತದೆ. ಪಾಸ್‌ವರ್ಡ್ ಕಾಣದಿದ್ದರೂ ಯಾರು ಯಾರಿಗೆ, ಎಷ್ಟು ಹೊತ್ತು, ಎಷ್ಟು ಬೈಟ್ ಕಳಿಸಿದರು ಎಂಬುದೆಲ್ಲ ನೆಟ್‌ಫ್ಲೋ ಎಂಬ, ನೆಟ್‌ವರ್ಕ್ ಸಂಪರ್ಕಗಳ ಸಾರಾಂಶ ದಾಖಲೆಯಲ್ಲಿರುತ್ತದೆ. ನಿಜವಾದ ಅಡ್ಮಿನ್ ಒಳಗೆ ಬಂದರೆ ಟೈಪ್ ಮಾಡುತ್ತಾನೆ, ನಿಲ್ಲಿಸುತ್ತಾನೆ, ಮತ್ತೆ ಟೈಪ್ ಮಾಡುತ್ತಾನೆ. ಸಂಪರ್ಕ ಬಹಳ ಹೊತ್ತು ಇರುತ್ತದೆ. ಪಾಸ್‌ವರ್ಡ್ ಊಹಿಸುವ ಪ್ರೋಗ್ರಾಂ ಎಸ್‌ಎಸ್‌ಎಚ್‌ನ ಮಾಮೂಲಿ ಬಾಗಿಲಾದ 22ನೇ ಪೋರ್ಟಿಗೆ ಬರುತ್ತದೆ, ಕೆಲವೇ ಸೆಕೆಂಡಿನಲ್ಲಿ ಕಡಿದುಕೊಂಡು ಹೋಗುತ್ತದೆ, ಮತ್ತೆ ಬರುತ್ತದೆ. ಸಾಲು ಸಾಲಾಗಿ ಹೆಚ್ಚುಕಡಿಮೆ ಅದೇ ಗಾತ್ರ. ನೆಟ್‌ವರ್ಕ್ ಟ್ರಾಫಿಕ್ ಮೇಲೆ ಕಣ್ಣಿಡುವ ಝೀಕ್‌ನಂಥ ಟೂಲ್ ಪ್ಯಾಕೆಟ್‌ಗಳ ಗಾತ್ರದಿಂದಲೇ ಲಾಗಿನ್ ಆಯಿತೋ ಇಲ್ಲವೋ ಎಂದು ಅಂದಾಜಿಸುತ್ತದೆ. ಒಂದೇ ವಿಳಾಸದಿಂದ 30 ನಿಮಿಷದೊಳಗೆ 30 ಸಲ ತಪ್ಪಿದರೆ ಎಚ್ಚರಿಸುವುದು ಅದರ ಮೂಲ ಸೆಟ್ಟಿಂಗ್.

ಆದರೆ ಈ ಮಿತಿ ದಾಳಿಕೋರರಿಗೂ ಗೊತ್ತು. ಒಬ್ಬ ಗ್ರಾಹಕರ ಸರ್ವರ್ ಮೇಲೆ ನಡೆದ ದಾಳಿಯಲ್ಲಿ ಪ್ರತಿ ವಿಳಾಸದಿಂದಲೂ ಬಂದದ್ದು ಎರಡು ಮೂರು ಪ್ರಯತ್ನ ಅಷ್ಟೇ. ಒಂದೂ ಅಲರ್ಟ್ ಇಲ್ಲ. ಲೆಕ್ಕವನ್ನು ತಿರುಗಿಸಿ, ದಾಳಿಗೆ ಗುರಿಯಾದ ಸರ್ವರ್‌ಗೆ ಒಟ್ಟು ಎಷ್ಟು ಬಂದಿವೆ ಎಂದು ನೋಡಿದಾಗ ನೂರಾರು ವಿಳಾಸಗಳು ಒಟ್ಟಿಗೆ ಎದ್ದು ಕಂಡವು. ಸರ್ವರ್ ಲಾಗ್‌ನಲ್ಲಿ ರೂಟ್, ಅಡ್ಮಿನ್, ಒರಾಕಲ್, ಟೆಸ್ಟ್ ಎಂಬ ಬಳಕೆದಾರ ಹೆಸರುಗಳ ಮೆರವಣಿಗೆ.

ಅಷ್ಟಕ್ಕೇ ನಿಲ್ಲಬಾರದು ಎಂಬುದೇ ನಾನು ಹೊಸಬರಿಗೆ ಒತ್ತಿ ಹೇಳುವುದು. ಇಂಟರ್ನೆಟ್ಟಿಗೆ ತೆರೆದಿಟ್ಟ ಸರ್ವರಿಗೆ ಇಂಥ ಪ್ರಯತ್ನ ಹಗಲೂ ರಾತ್ರಿ ಬರುತ್ತಲೇ ಇರುತ್ತವೆ. ಅವುಗಳಲ್ಲಿ ಯಾವುದಾದರೂ ಒಳಗೆ ನುಗ್ಗಿತೇ ಎಂದು ತಿಳಿಯಲು ಫ್ಲೋಗಳನ್ನು, ಅಂದರೆ ಒಂದೊಂದು ಸಂಪರ್ಕದ ದಾಖಲೆಯನ್ನು, ಅವಧಿಯ ಪ್ರಕಾರ ಜೋಡಿಸಿ ನೋಡಿ. ಅವತ್ತು ಹಾಗೆ ಜೋಡಿಸಿದಾಗ ಒಂದು ಫ್ಲೋ ಮಾತ್ರ ಮುಗಿದೇ ಇರಲಿಲ್ಲ. ಯಾರೋ ಪರೀಕ್ಷೆಗೆಂದು ಮಾಡಿಟ್ಟಿದ್ದ ಖಾತೆಯ ಪಾಸ್‌ವರ್ಡ್ ಹೊಂದಿಬಿಟ್ಟಿತ್ತು. ಆ ಸರ್ವರ್ ಆಗಲೇ ಪಕ್ಕದ ಯಂತ್ರಗಳ 22ನೇ ಪೋರ್ಟ್ ತಟ್ಟುತ್ತಿತ್ತು. ಕೂಡಲೇ ಅದನ್ನು ನೆಟ್‌ವರ್ಕಿನಿಂದ ಬೇರ್ಪಡಿಸಿದೆವು. ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ನ 2022ರ ಆದೇಶದಂತೆ ಇಂಥದ್ದು ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು, ಹಾಗಾಗಿ ಸರ್ವರ್ ಮತ್ತು ನೆಟ್‌ವರ್ಕ್ ಉಪಕರಣಗಳ ಗಡಿಯಾರಗಳು ಹೊಂದಿಕೊಂಡಿದ್ದುದು ದೊಡ್ಡ ಅನುಕೂಲವಾಯಿತು: ಫ್ಲೋ ಶುರುವಾದ ಹೊತ್ತಿಗೂ ಲಾಗ್‌ನ ಸಾಲಿಗೂ ತಾಳೆ ಹಾಕಲು ತಡವಾಗಲಿಲ್ಲ.

ಇನ್ನೊಂದು ಮಾತು. ಒಳಗಿನ ವಿಳಾಸದಿಂದ ಗಡಿಯಾರ ಹಿಡಿದಂತೆ ತಪ್ಪು ಲಾಗಿನ್ ಬರುತ್ತಿದ್ದರೆ ಥಟ್ಟನೆ ಬ್ಲಾಕ್ ಮಾಡಬೇಡಿ. ಪಾಸ್‌ವರ್ಡ್ ಬದಲಾದ ಮೇಲೂ ಹಳೆಯದನ್ನೇ ಕೊಡುತ್ತಿರುವ ಬ್ಯಾಕಪ್ ಸ್ಕ್ರಿಪ್ಟ್ ಇರಬಹುದು. ಮೊದಲು ಸರ್ವರ್ ತಂಡಕ್ಕೆ ಫೋನ್ ಮಾಡಿ.