ದೊನ್ನೆಯಲ್ಲಿ ಸಾರು

"ನಂಗೂ ಹಂಗೇ ಕಣೋ." ಸೋಮವಾರದ ಮದುವೆಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜ ಆರು ವರ್ಷದ ಮೊಮ್ಮಗನಿಗೆ ಹೇಳಿದ ಮೂರು ಪದ. ವಾರ ಮುಗಿಯುತ್ತಾ ಬಂದರೂ ಕಿವಿಯಿಂದ ಹೋಗಿಲ್ಲ.

ಹುಡುಗನಿಗೆ ಆಟಿಸಂ. ಎರಡನೇ ಪಂಕ್ತಿ, ನಡುಸಾಲು, ಹಿಂದೆ ವಾಲಗ. ಅಷ್ಟನ್ನೂ ತಡೆದುಕೊಂಡು ಕೂತಿದ್ದ. ಬಡಿಸುವವರು ಅವಸರದಲ್ಲಿ ಸೌಟು ಬಗ್ಗಿಸಿದರು. ಅನ್ನದ ಗುಂಡಿ ಒಡೆದು ಸಾರು ಪಲ್ಯದತ್ತ ಹರಿಯಿತು, ಹಪ್ಪಳದ ಅಂಚು ನೆನೆಯಿತು. ಎಲೆ ತಳ್ಳಿದವನೇ ಕಿವಿ ಮುಚ್ಚಿಕೊಂಡು ಕಿರುಚತೊಡಗಿದ. ಎದುರು ಸಾಲಿನಿಂದ ಒಬ್ಬರು, "ಎರಡು ಬಿಟ್ರೆ ಸರಿಹೋಗ್ತಾನೆ" ಅಂದರು. ಪ್ರತಿ ಮದುವೆಯಲ್ಲೂ ಯಾರಾದರೂ ಇದನ್ನು ಹೇಳುತ್ತಾರೆ. ಪ್ರತಿ ಸಲವೂ ಅದು ತಪ್ಪು.

ಹಠದ ಮಗು ಅಳುತ್ತಲೇ ಓರೆಗಣ್ಣಲ್ಲಿ ಅಮ್ಮನನ್ನು ನೋಡುತ್ತದೆ, ಕೇಳಿದ್ದು ಸಿಕ್ಕರೆ ಸುಮ್ಮನಾಗುತ್ತದೆ. ಮೆಲ್ಟ್‌ಡೌನ್ ಆದ, ಅಂದರೆ ಸದ್ದು, ಸ್ಪರ್ಶಗಳ ಹೊರೆ ತಾಳಲಾರದೆ ಕುಸಿದ ಮಗುವಿನ ಮುಂದೆ ಜಿಲೇಬಿ ಇಟ್ಟರೂ ಅಳು ನಿಲ್ಲದು; ನಿಲ್ಲಿಸುವುದು ಅದರ ಕೈಯಲ್ಲೇ ಇರುವುದಿಲ್ಲ. ಆ ಹೊತ್ತಿಗೆ "ಏನಾಯ್ತು, ಯಾಕಪ್ಪಾ" ಎಂಬ ಅಕ್ಕರೆಯ ಮಾತೂ ಒಂದು ಸದ್ದೇ. ಮಾತು ನಿಲ್ಲಿಸಬೇಕು. ಬೆಳಕೂ ಜನರೂ ಕಡಿಮೆ ಇರುವ ಜಾಗಕ್ಕೆ ಕರೆದೊಯ್ಯಬೇಕು. ಕೈ ಕೊಸರಿಕೊಂಡರೆ ತಬ್ಬಬಾರದು. ಅವನ ಅಮ್ಮ ಇಷ್ಟೂ ಮಾಡಿದರು, ಉಗ್ರಾಣದ ಪಕ್ಕದ ಕೋಣೆಯಲ್ಲಿ ಅವನ ಜೊತೆ ಸುಮ್ಮನೆ ಕೂತರು.

ತಿರುಗಿ ಬರುವ ಹೊತ್ತಿಗೆ ಅಜ್ಜ ಹೊಸ ಎಲೆ ಹಾಕಿಸಿದ್ದರು. ಅನ್ನ ಒಂದು ಕಡೆ, ಗುಂಡಿ ಇಲ್ಲ. ಸಾರು ಒಂದು ದೊನ್ನೆಯಲ್ಲಿ, ಪಾಯಸ ಇನ್ನೊಂದರಲ್ಲಿ, ಎರಡೂ ಅರ್ಧದಷ್ಟೇ. ಹಪ್ಪಳ ಬೇರೆ ಎಲೆಚೂರಿನ ಮೇಲೆ. ದೊನ್ನೆ ಕೂಡ ಅಡಿಕೆ ಹಾಳೆಯದ್ದೇ ಆಗಬೇಕೆಂದು ಹುಡುಕಿಸಿದ್ದರಂತೆ. ಮುತ್ತುಗದ ಎಲೆಯದ್ದು ಕಡ್ಡಿ ಚುಚ್ಚಿದ ಕಡೆ ಜಿನುಗುತ್ತದೆ, ಜಿನುಗಿದರೆ ಮತ್ತೆ ಅದೇ ಗೋಳು. ಹುಡುಗ ಎಲೆ ನೋಡಿದ, ಅಜ್ಜನ ಎಲೆಯನ್ನೂ ನೋಡಿದ. ಅಲ್ಲೂ ಎರಡು ದೊನ್ನೆ. ಆಗ ಬಂದದ್ದು ಆ ಮಾತು.

ಅಜ್ಜನ ಈ ಎರಡು ದೊನ್ನೆಯ ಅಭ್ಯಾಸವನ್ನು ಮನೆಯವರು ಐವತ್ತು ವರ್ಷ "ಇವರದ್ದೊಂದು ಮಡಿ" ಎನ್ನುತ್ತಾ ಬಂದಿದ್ದಾರೆ. ಹೆಣ್ಣು ಕೊಟ್ಟ ಮನೆಯಲ್ಲಿ ಸೊಕ್ಕು ಅನ್ನಿಸಿಕೊಂಡಿದ್ದೂ ಉಂಟು ಎಂದರು ಅಜ್ಜಿ. ಆಟಿಸಂನಲ್ಲಿ ವಂಶವಾಹಿಯ ಪಾಲು ದೊಡ್ಡದು. ಮಗುವಿನ ತಪಾಸಣೆಗೆ ಬಂದ ಅಪ್ಪನೋ ಅಜ್ಜನೋ ಪ್ರಶ್ನೆಗಳಿಗೆ ಉತ್ತರಿಸುತ್ತಾ, ಇದು ತನ್ನದೇ ಕಥೆ ಅನ್ನಿಸಿ ನಡುವೆ ಮಾತು ನಿಲ್ಲಿಸಿಬಿಡುವುದು ತಪಾಸಣೆ ಮಾಡುವವರಿಗೆ ಹೊಸತಲ್ಲ. ಹಾಗೆಂದು ದೊನ್ನೆ ನೋಡಿ ಅಜ್ಜನಿಗೆ ಹೆಸರು ಹಚ್ಚಬಾರದು, ಅದರ ಅಗತ್ಯವೂ ಇಲ್ಲ. ಸದ್ದು, ರುಚಿ, ಸ್ಪರ್ಶಗಳು ಹೀಗೆ ಅತಿಯಾಗಿ ತಾಕುವುದನ್ನು ಮನೋವೈದ್ಯರು ರೋಗನಿರ್ಣಯಕ್ಕೆ ಬಳಸುವ ಅಮೆರಿಕದ ಡಿಎಸ್‌ಎಂ ಕೈಪಿಡಿ ಆಟಿಸಂನ ಲಕ್ಷಣಗಳಲ್ಲಿ ಸೇರಿಸಿದ್ದೇ 2013ರಲ್ಲಿ. ಅಜ್ಜನ ಬಾಲ್ಯಕ್ಕೆ ಸಿಕ್ಕಿದ್ದು ಬೈಗುಳ ಮಾತ್ರ.

ಮುಂದಿನ ಮದುವೆಗೆ ಒಂದಿಷ್ಟು ಬದಲಾಗಬೇಕು. ಮೊದಲ ಪಂಕ್ತಿ, ಸಾಲಿನ ತುದಿ, ಬೆನ್ನಿಗೆ ಗೋಡೆ. ಬಡಿಸುವವರಿಗೆ ಮೊದಲೇ ಒಂದು ಮಾತು. ಸದ್ದು ತಗ್ಗಿಸಲು ಕಿವಿಗೆ ಹಾಕುವ ಇಯರ್‌ಮಫ್ ಗಟ್ಟಿಮೇಳಕ್ಕೆ ಮುಂಚೆಯೇ ಹಾಕಿ, ಸದ್ದು ಇಳಿದ ಮೇಲೆ ತೆಗೆಯಬೇಕು. ಇಡೀ ದಿನ ಹಾಕಿಟ್ಟರೆ ಸಣ್ಣ ಸದ್ದೂ ಹೆಚ್ಚು ಚುಚ್ಚತೊಡಗುತ್ತದೆ.

ಗುರುವಾರ ಅವನ ಅಮ್ಮ ಒಂದು ಫೋಟೊ ಕಳಿಸಿದರು. ಊಟದ ಮೇಜಿನ ಮೇಲೆ ಖಾನೆಗಳಿರುವ ಸ್ಟೀಲ್ ತಟ್ಟೆ ಎರಡು. ಒಂದು ಚಿಕ್ಕದು, ಒಂದು ದೊಡ್ಡದು.