ಮೊದಲು ಮುರಿದ ಕಡ್ಡಿ

ನಮ್ಮ ವಿಜ್ಞಾನದ ಮಾಸ್ತರರು ಈ ಶ್ರಾವಣದಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ತೀರಿಕೊಂಡರು. ವಾಯುಪಡೆಯಲ್ಲಿ ಪರೀಕ್ಷಾ ಪೈಲಟ್ ಆಗಿದ್ದ ನನ್ನಿಂದ ಸಂಪಾದಕರು ಸಾಹಸದ ಕಥೆಗಳನ್ನು ಬಯಸಿದ್ದಾರೆ. ಅಂಥವು ನನ್ನಲ್ಲಿ ಸಾಕಷ್ಟಿವೆ. ಆದರೆ ಅವೆಲ್ಲ ಹುಟ್ಟಿದ್ದು ಧಾರವಾಡದ ಮಳೆಗಾಲದ ಒಂದು ಛತ್ರಿಯಿಂದ.

ಜರ್ಮನಿಯ ವಿಮಾನ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಮಾರುತ್ ಯುದ್ಧವಿಮಾನವನ್ನು 1961ರ ಜೂನ್ 17ರಂದು ಮೊದಲ ಸಲ ಹಾರಿಸಿದ್ದ ಸುರಂಜನ್ ದಾಸ್, ಅದರದೇ ಸುಧಾರಿತ ಮಾದರಿಯನ್ನು ಪರೀಕ್ಷಿಸುವಾಗ 1970ರ ಜನವರಿ 10ರಂದು ಮಡಿದ ಸುದ್ದಿಯನ್ನು ಮಾಸ್ತರರು ತರಗತಿಯಲ್ಲಿ ಪತ್ರಿಕೆ ಹಿಡಿದು ಓದಿದ್ದರು. ವಿಮಾನ ಓಡಿಸುವವರಲ್ಲದೆ, ಅದು ಓಡಿಸಲು ಯೋಗ್ಯವೇ ಎಂದು ಹಾರಿಯೇ ನೋಡುವವರೂ ಇರುತ್ತಾರೆಂದು ನಮಗೆ ಅಂದು ತಿಳಿಯಿತು. ಆ ವರ್ಷದ ಪಠ್ಯದಲ್ಲಿ ಏನಿತ್ತೋ, ಒಂದಕ್ಷರವೂ ನೆನಪಿಲ್ಲ.

ಅದೇ ವರ್ಷದ ಆಷಾಢದಲ್ಲಿ ನಾವು ಮೂವರು, ಮಾಸ್ತರರ ಕರಿ ಛತ್ರಿಯನ್ನು ಎಗರಿಸಿ, ಹಿಡಿಕೆಗೆ ಇಟ್ಟಂಗಿ ಕಟ್ಟಿ, ಮಾಳಿಗೆಯಿಂದ ಕೆಳಗೆ ಬಿಟ್ಟೆವು. ಕೆಲಗೇರಿ ಕಡೆಯಿಂದ ಬೀಸಿದ ಗಾಳಿಗೆ ಸಿಕ್ಕ ಛತ್ರಿ ನಡುವೆಯೇ ತಿರುವುಮುರುವಾಗಿ, ಹೆಡ್‌ಮಾಸ್ತರರ ಸೈಕಲ್ಲಿನ ಪಕ್ಕದಲ್ಲಿ ಅಪ್ಪಳಿಸಿತು. ಡ್ರಿಲ್ ಮಾಸ್ತರರು ಬೆತ್ತ ಹುಡುಕತೊಡಗಿದರು. ನಮ್ಮ ಮಾಸ್ತರರು ಮಾತ್ರ ಛತ್ರಿಯನ್ನು ತಿರುಗಿಸಿ ನೋಡಿ, “ಮೊದಲ ಯಾವ ಕಡ್ಡಿ ಮುರೀತ್ರಲೇ?” ಎಂದು ಕೇಳಿದರು. ಮೂವರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಕಂಡದ್ದನ್ನಷ್ಟೇ ಬರೆಯಿರೆಂದರು. ಮೂರು ಹಾಳೆಗಳಲ್ಲಿ ಮೂರು ಬೇರೆ ಛತ್ರಿಗಳು ಬಿದ್ದಿದ್ದವು. “ಆಗಬೇಕಾದ್ದನ್ನ ಬರದೀರಿ, ಆಗಿದ್ದನ್ನ ಬರದಿಲ್ಲ” ಎಂದು ಹಾಳೆಗಳನ್ನು ಹಿಂದಿರುಗಿಸಿದರು. ಹೊಸ ಛತ್ರಿಯ ದುಡ್ಡು ನಮ್ಮ ಮನೆಗಳಿಂದ ಬಂತು. ಬಾಸುಂಡೆಗಳೂ ಅಲ್ಲಿಂದಲೇ ಬಂದವು.

ಮುಂದೆ ವಾಯುಪಡೆ ಸೇರಿ, ಯುದ್ಧವಿಮಾನಗಳನ್ನು ಹಾರಿಸಿ, ಬೆಂಗಳೂರಿನ ಪರೀಕ್ಷಾ ಪೈಲಟ್‌ಗಳ ಶಾಲೆಗೆ ಆಯ್ಕೆಯಾದೆ. 1972ರಲ್ಲಿ ಕಾನ್ಪುರದಲ್ಲಿ ಹುಟ್ಟಿ, ಮರುವರ್ಷ ಬೆಂಗಳೂರಿಗೆ ಬಂದ ವಾಯುಪಡೆಯ ಪರೀಕ್ಷಾ ಸಂಸ್ಥೆಯಲ್ಲಿ ಆ ಶಾಲೆಯಿದೆ. ಎಲ್ಲರಿಗೂ ಅಲ್ಲಿ ಪ್ರವೇಶ ಸಿಗುವುದಿಲ್ಲವೆಂದು ಹೇಳಿದರೆ ಜಂಬವಾಗಲಾರದು. ಜನ ತಿಳಿದಂತೆ ಈ ಕೆಲಸವೆಲ್ಲ ಲಾಗ ಹಾಕುವುದಲ್ಲ. ಗೊತ್ತುಮಾಡಿದ ಎತ್ತರದಲ್ಲಿ ವೇಗವನ್ನು ಹಂತಹಂತವಾಗಿ ಏರಿಸುತ್ತ, ರೆಕ್ಕೆ ಅದುರುತ್ತದೆಯೇ ಎಂದು ನೆಲದಲ್ಲಿ ಕುಳಿತ ಎಂಜಿನಿಯರರು ಟೆಲಿಮೆಟ್ರಿಯಲ್ಲಿ, ಅಂದರೆ ವಿಮಾನದಿಂದ ರೇಡಿಯೋ ಮೂಲಕ ಬರುವ ಅಳತೆಗಳಲ್ಲಿ, ನೋಡಿ ಒಪ್ಪಿದ ಮೇಲೆಯೇ ಮುಂದಿನ ಹಂತಕ್ಕೆ ಹೋಗುತ್ತ, ತೊಡೆಯ ಮೇಲಿನ ಕಾರ್ಡಿನಲ್ಲಿ ಗುರುತು ಹಾಕಿಕೊಳ್ಳುವ ತಾಳ್ಮೆಯ ಕೆಲಸವದು. ಕಠಿಣವಾದದ್ದು ಇಳಿದ ಮೇಲೆ. ವರ್ಷಗಟ್ಟಲೆ ದುಡಿದ ವಿನ್ಯಾಸಕಾರ ಎದುರಿಗೆ ಕುಳಿತು ಮುಖವನ್ನೇ ನೋಡುತ್ತಿರುವಾಗ, ಅವನಿಗೆ ಹಿತವಾಗುವುದನ್ನಲ್ಲ, ಕಂಡದ್ದನ್ನು ಹೇಳಬೇಕು. ನನಗೆ ಅದು ಸಲೀಸಾಗಿತ್ತು. ಛತ್ರಿಯ ವಿಚಾರಣೆ ಎದುರಿಸಿದವನಲ್ಲವೇ!

ವಿಮಾನದ ನಡತೆಗೆ ಪೈಲಟ್ ಅಂಕ ಕೊಡುವ ಕೂಪರ್-ಹಾರ್ಪರ್ ಮಾಪನದಲ್ಲಿ 1 ಅತ್ಯುತ್ತಮ. 10 ಎಂದರೆ ವಿಮಾನ ಹಿಡಿತ ತಪ್ಪುತ್ತದೆಂದು ಅರ್ಥ. ರಜೆಯಲ್ಲಿ ಬಂದಾಗ ಇದನ್ನು ವಿವರಿಸಿದರೆ ಮಾಸ್ತರರು ಬಿದ್ದುಬಿದ್ದು ನಕ್ಕು, “ಹಂಗಾದ್ರ ನಮ್ಮ ಸಾಲ್ಯಾಗ ನೀನ ಫಸ್ಟ್!” ಎಂದರು.

ಈಚಿನ ಸ್ನೇಹಸಮ್ಮೇಳನದಲ್ಲಿ ಮಕ್ಕಳ ಪ್ರಯೋಗದ ಪುಸ್ತಕಗಳನ್ನು ತಿರುವಿದೆ. ಅಕ್ಷರ ದುಂಡಗಿದೆ, ಅಂಕ ತುಂಬಿದೆ, ಎಲ್ಲರ ಲೋಲಕವೂ ಒಂದೇ ಉತ್ತರ ಕೊಟ್ಟಿದೆ. ಪ್ರಯೋಗಾಲಯದ ಕೀಲಿ ಮಾತ್ರ ತುಕ್ಕು ಹಿಡಿದಿದೆ. ಹಳೆಯ ವಿದ್ಯಾರ್ಥಿಗಳ ದೇಣಿಗೆಯಲ್ಲಿ ಮಹಾದ್ವಾರ ಕಟ್ಟಿಸುವ ಬದಲು ಸ್ಟಾಪ್‌ವಾಚು, ತಕ್ಕಡಿಗಳನ್ನು ಕೊಳ್ಳಿರೆಂದು ಸಮಿತಿಗೆ ಬರೆದಿದ್ದೇನೆ. ದ್ವಾರದ ಮೇಲೆ ನನ್ನ ಹೆಸರನ್ನೂ ಕೆತ್ತಿಸುವ ಮಾತಿದೆಯಂತೆ. ಬೇಡವೆಂದಿದ್ದೇನೆ, ಬಹಳ ಗಟ್ಟಿಯಾಗಿ ಅಂದಿಲ್ಲ.