ಆಪರೇಷನ್ ಆದ ಮೂರು ತಿಂಗಳಿಗೆ

ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವುದು ನನ್ನ ಕೆಲಸ. ಸದ್ದು ಒಳಗೆ ಬಾರದ ಹಾಗೆ ದಪ್ಪ ಬಾಗಿಲು ಹಾಕಿದ ಸಣ್ಣ ಕೋಣೆ, ಒಂದು ಗಾಜಿನ ಕಿಟಕಿ. ಒಳಗೆ ಕೂತವರ ತಲೆಗೆ ಹೆಡ್‌ಫೋನ್ ಹಾಕಿ, ಕೈಗೆ ಬಟನ್ ಕೊಟ್ಟು ಹೇಳುತ್ತೇನೆ: "ಎಷ್ಟ ಸಣ್ಣಂಗ ಕೇಳಿಸಿದ್ರೂ ಒತ್ರಿ."

ಕೇಳಿಸಿತೆಂದರೆ 10 ಡೆಸಿಬಲ್ ಇಳಿಸುತ್ತೇನೆ. ಕೇಳಿಸದಿದ್ದರೆ 5 ಏರಿಸುತ್ತೇನೆ. 250 ಹರ್ಟ್ಸ್‌ನ ದಪ್ಪ ಸ್ವರದಿಂದ 8000ದ ಕೀರಲು ಸ್ವರದವರೆಗೆ ಹೀಗೇ ನಡೆಯುತ್ತದೆ. ಗ್ರಾಫ್ ಮೇಲೆ ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರದ ಗುರುತು. ಆಮೇಲೆ ಕಿವಿ ಹಿಂದಿನ ಎಲುಬಿಗೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ನಡುಗುವ ಡಬ್ಬಿ ಒತ್ತಿಟ್ಟು ಮತ್ತೊಂದು ಸುತ್ತು. ಎಲುಬಿನಿಂದ ಚೆನ್ನಾಗಿ ಕೇಳಿ, ಗಾಳಿಯಿಂದ, ಅಂದರೆ ಹೆಡ್‌ಫೋನಿನಿಂದ ಕೇಳಿಸದಿದ್ದರೆ ಒಳಗಿವಿ ಗಟ್ಟಿ ಇದೆ, ಸದ್ದು ಬರುವ ದಾರಿ ಕೆಟ್ಟಿದೆ ಅಂತ ಅರ್ಥ. ನಾನು ನೋಡುವವರಲ್ಲಿ ಬಹಳ ಸಲ ಅದು ಕಿವಿಪರದೆಗೆ ಬಿದ್ದ ತೂತು. ಚಿಕ್ಕಂದಿನಿಂದ ಕಿವಿ ಸೋರಿದವರು, ಕಾದ ಎಣ್ಣೆ ಬಿಟ್ಟುಕೊಂಡವರು, ಹತ್ತಿ ತುರುಕಿಕೊಂಡೇ ಮದುವೆ ಆದವರು.

ತೂತು ಮುಚ್ಚಲು ಆಪರೇಷನ್ ಇದೆ. 1950ರ ದಶಕದ ಮೊದಲಲ್ಲಿ ಜರ್ಮನಿಯ ವುಲ್‌ಸ್ಟೈನ್ ಮತ್ತು ತ್ಸೋಲ್ನರ್ ಎಂಬ ಇಬ್ಬರು ಡಾಕ್ಟರು ಇದಕ್ಕೆ ದಾರಿ ಮಾಡಿದರು. ಆಗ ಚರ್ಮದ ತುಂಡು ಹಚ್ಚುತ್ತಿದ್ದರು. ಈಗ ಕಿವಿ ಮೇಲಿನ ಸ್ನಾಯುವಿನ ತೆಳ್ಳನೆಯ ಪೊರೆ ತೆಗೆದು ಹಚ್ಚುತ್ತಾರೆ. ಇಲ್ಲವೇ ಕಿವಿಯದೇ ಮೆದು ಎಲುಬನ್ನು ತೆಳ್ಳಗೆ ಕೆತ್ತಿ ಕೂಡಿಸುತ್ತಾರೆ. ಪೊರೆ ಒಳ್ಳೆಯದೋ, ಮೆದು ಎಲುಬು ಒಳ್ಳೆಯದೋ? ಯಾವುದು ಜಾಸ್ತಿ ದಿನ ನಿಲ್ಲುತ್ತದೆ, ಯಾವುದರಿಂದ ಚೆನ್ನಾಗಿ ಕೇಳಿಸುತ್ತದೆ? ನಮ್ಮ ಪಿ.ಜಿ. ಡಾಕ್ಟರೊಬ್ಬರ ಥೀಸಿಸ್ ಇದೇ ಪ್ರಶ್ನೆಯ ಮೇಲಿತ್ತು. ಆಪರೇಷನ್‌ಗೆ ಮೊದಲು ಒಂದು ಪರೀಕ್ಷೆ, ಮೂರು ತಿಂಗಳಿಗೆ ಇನ್ನೊಂದು. ಎರಡೂ ನನ್ನ ಕೋಣೆಯಲ್ಲೇ.

ಮೊದಲ ಪರೀಕ್ಷೆಗೆ ಎಲ್ಲರೂ ಬರುತ್ತಾರೆ. ಮೂರು ತಿಂಗಳ ಪರೀಕ್ಷೆಗೆ ಬರುವುದಿಲ್ಲ. ನಾನು ಈ ಬ್ಲಾಗ್ ಬರೆಯಲು ಕೂತಿದ್ದೇ ಇದನ್ನು ಹೇಳಬೇಕು ಅಂತ.

ಸುಮ್ನೆ ಒಂದು ಲೆಕ್ಕ ಹಿಡಿಯಿರಿ. 40 ಜನರಿಗೆ ಆಪರೇಷನ್ ಆಯಿತು ಅನ್ನೋಣ. ತಿರುಗಿ ಬಂದವರು 28. ಅವರಲ್ಲಿ 25 ಜನರ ಪರದೆ ಕೂಡಿದೆ. ನೂರಕ್ಕೆ 89 ಅಂತ ಬರೆದುಬಿಡಬಹುದು. ಆದರೆ ಬಾರದ 12 ಜನರ ಕಥೆ ಏನು? ಎಲ್ಲರಿಗೂ ವಾಸಿಯಾಗಿದ್ದರೆ 40ಕ್ಕೆ 37, ಅಂದರೆ ನೂರಕ್ಕೆ 92ರ ಮೇಲೆ. ಒಬ್ಬರಿಗೂ ಆಗಿರದಿದ್ದರೆ 40ಕ್ಕೆ 25, ಅಂದರೆ ನೂರಕ್ಕೆ 62 ಚಿಲ್ಲರೆ. ಒಂದೇ ಆಪರೇಷನ್, ಅದೇ ಡಾಕ್ಟರ ಕೈ. ಉತ್ತರ ಮಾತ್ರ ಬಾರದವರ ಮನೆಯಲ್ಲಿ ಉಳಿದಿದೆ.

ರಿಜಿಸ್ಟರಿನಲ್ಲಿ ಅಂಥವರ ಹೆಸರಿನ ಮುಂದೆ 'ಲಾಸ್ಟ್', ಅಂದರೆ ಕೈತಪ್ಪಿ ಹೋದವರು ಅಂತ ಬರೆಯುವುದು ರೂಢಿ. ನಾನೂ ಬರೆಯುತ್ತಿದ್ದೆ. ಒಂದು ಸಲ ಹೆಸರುಗಳನ್ನು ಊರಿನ ಪ್ರಕಾರ ಜೋಡಿಸಿದೆ. ಬ್ಯಾಡಗಿ ಕಡೆಯವರೇ ಸಾಲಾಗಿ ಸಿಕ್ಕರು. ಒಬ್ಬರಿಗೆ ಫೋನ್ ಹಚ್ಚಿದರೆ, "ಸೋಮವಾರ ಹ್ಯಾಂಗ ಬರೂದ್ರಿ ಅಕ್ಕಾರ, ಮೆಣಸಿನಕಾಯಿ ಚೀಲ ಬಿಟ್ಟು?" ಅಂದರು. ನಾವು ತೋರಿಸಲು ಕೊಟ್ಟಿದ್ದ ವಾರ ಸೋಮವಾರ. ಬ್ಯಾಡಗಿ ಮಾರ್ಕೆಟ್ಟಿನ ದಿನ ಸೋಮವಾರ ಮತ್ತು ಗುರುವಾರ. ಜನವರಿಯಿಂದ ಮಾರ್ಚ್‌ವರೆಗೆ ಆ ಊರುಗಳಲ್ಲಿ ಬೇರೆ ಮಾತೇ ಇರುವುದಿಲ್ಲ. ಹಾವೇರಿ ಜಿಲ್ಲೆಯವರನ್ನು ಸೋಮವಾರ ಕರೆದು, ಬರಲಿಲ್ಲ ಅಂತ ಬೇಸರ ಮಾಡಿಕೊಂಡಿದ್ದೆವು. ಡಾಕ್ಟರಿಗೆ ಹೇಳಿ ಬುಧವಾರಕ್ಕೆ ಬದಲಿಸಿದೆವು. ಬರಲು ಶುರು ಮಾಡಿದರು.

ಫೋನಿನದೇ ಇನ್ನೊಂದು ಪಾಡು. ಕಿವಿ ಕೇಳದವರಿಗೆ ನಾವು ಫೋನ್ ಮಾಡುತ್ತೇವೆ. ಕೊಟ್ಟಿರುವ ನಂಬರ್ ಮಗನದು, ಅಳಿಯನದು. ಮಗ ಗೋವಾಕ್ಕೆ ಕೆಲಸಕ್ಕೆ ಹೋಗಿರುತ್ತಾನೆ. ಈಗ ಫಾರ್ಮ್ ತುಂಬುವಾಗಲೇ ಎರಡು ನಂಬರ್ ಕೇಳುತ್ತೇನೆ. ಒಂದು ಮನೆಯಲ್ಲೇ ಇರುವವರದು, ಇನ್ನೊಂದು ಪಕ್ಕದ ಮನೆಯವರದು.

ಇಷ್ಟೆಲ್ಲ ಮಾಡಿದರೂ ನನಗೆ ಹೊಳೆಯದ ಕಾರಣ ಒಂದಿತ್ತು. ಅದನ್ನು ತಿಳಿಸಿದವರು ಲಕ್ಷ್ಮೇಶ್ವರದ ಹತ್ತಿರದ ಒಬ್ಬ ತಾಯಿ.

ಅವರ ಹೆಸರಿನ ಮುಂದೆ 'ಲಾಸ್ಟ್' ಬರೆದು ತಿಂಗಳುಗಳೇ ಆಗಿದ್ದವು. ಒಂದು ಮಧ್ಯಾಹ್ನ ಮೊಮ್ಮಗಳಿಗೆ ನೆಗಡಿ ಅಂತ ಕರೆದುಕೊಂಡು ಬಂದಿದ್ದರು. ಸೆರಗನ್ನು ಎಡಗಿವಿ ಮೇಲೆ ಬಿಗಿಯಾಗಿ ಎಳೆದುಕೊಂಡಿದ್ದರು. ಗುರುತು ಹಿಡಿದು ಮಾತಾಡಿಸಿದೆ. "ಕಿವಿ ಹ್ಯಾಂಗ ಐತ್ರೀ ಅವ್ವಾರ?" ಅಂದೆ. "ಅರಾಮ ಐತಿ" ಅಂದರು. ಸೆರಗು ಸರಿಸಲಿಲ್ಲ. ನಾನು ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ತಾವೇ ಹತ್ತಿ ತೆಗೆದು ತೋರಿಸಿದರು. ಹಳದಿಯಾಗಿ ನೆಂದಿತ್ತು.

"ಯುಗಾದಿಗೆ ಬೇವಿನ ನೀರು ಹಾಕ್ಕೊಂಡೆ ನೋಡ್ರಿ. ಕಿವ್ಯಾಗ ಹೋತು. ಮೂರ ದಿನಕ್ಕ ಸೋರಾಕ ಹತ್ತಿತು. ನಂದs ತಪ್ಪು. ನೀವೆಲ್ಲಾ ಅಷ್ಟ ಕಷ್ಟಪಟ್ಟು ಮಾಡಿದ್ರಿ, ಯಾವ ಮುಖಾ ಇಟ್ಕೊಂಡು ಬರ್ಲಿ?"

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪರದೆ ಕೂಡದಿರಲು ನೀರೊಂದೇ ಕಾರಣ ಅಲ್ಲ. ಸೋಂಕು ಆಗಬಹುದು, ಹಚ್ಚಿದ ಪೊರೆ ಜಾರಬಹುದು. ನಾವು ಮನೆಗೆ ಕಳಿಸುವಾಗ ಹೇಳುವುದು ಮಾತ್ರ: ನೀರು ಬಿಡಬೇಡಿ, ಜೋರಾಗಿ ಸಿಂಬಳ ಸೀಟಬೇಡಿ, ಸೀನು ಬಂದರೆ ಬಾಯಿ ತೆರೆದು ಸೀನಿ. ಎಲ್ಲವೂ ಸರಿಯಾದ ಮಾತೇ. ಆದರೆ ಕೆಟ್ಟರೆ ಏನು ಮಾಡಬೇಕು ಅಂತ ಯಾರೂ ಹೇಳಿರಲಿಲ್ಲ. ಹಾಗಾಗಿ ಕೆಟ್ಟವರು ತಪ್ಪು ತಮ್ಮದೇ ಅಂದುಕೊಂಡು ಮನೆಯಲ್ಲೇ ಉಳಿದರು. ವಾಸಿಯಾದವರು ಹೂವು, ಪೇಢೆ ಹಿಡಿದು ಬಂದರು. ನಮ್ಮ ಲೆಕ್ಕದಲ್ಲಿ ಪೇಢೆ ತಂದವರೇ ಜಾಸ್ತಿ ಸೇರಿದರೆ ಆ ಲೆಕ್ಕ ನಂಬಿ ಮುಂದಿನ ರೋಗಿಗೆ ಏನು ಹೇಳುವುದು?

ಕನ್ಸೆಂಟ್ ಫಾರ್ಮ್ ಕನ್ನಡದಲ್ಲಿದೆ. ಓದು ಬಾರದವರಿಗೆ ಸಾಕ್ಷಿಯ ಮುಂದೆ ಓದಿ ಹೇಳಿ ಹೆಬ್ಬೆಟ್ಟು ತೆಗೆದುಕೊಳ್ಳುತ್ತೇವೆ. ಭಾರತದಲ್ಲಿ 2007ರಿಂದ ಇಂಥ ಅಧ್ಯಯನಗಳನ್ನು ನೋಂದಾಯಿಸುವ ರಾಷ್ಟ್ರೀಯ ಪಟ್ಟಿಯೂ ಇದೆ. ಇವೆಲ್ಲ ಬೇಕೇ ಬೇಕು. ಇವುಗಳ ಜೊತೆಗೆ ಈಗ ಡಿಸ್ಚಾರ್ಜ್ ದಿನ ನಾನೇ ವಾರ್ಡಿಗೆ ಹೋಗಿ ಒಂದು ಮಾತು ಹೇಳಿ ಬರುತ್ತೇನೆ: "ಮತ್ತ ಸೋರಿದ್ರೂ ಬರ್ರಿ. ಸೋರಿದ್ರ ಮೊದ್ಲ ಬರ್ರಿ. ಯಾರೂ ಬೈಯಂಗಿಲ್ಲ."

ಆ ತಾಯಿಗೆ ಕಿವಿ ಒಣಗಿದ ಮೇಲೆ ಎರಡನೇ ಸಲ ಆಪರೇಷನ್ ಆಯಿತು. ಈ ಸಲ ಮೆದು ಎಲುಬು ಹಚ್ಚಿದ್ದಾರೆ. ಥೀಸಿಸ್‌ನ ಪಟ್ಟಿಯಲ್ಲಿ ಅವರು ಈಗ 'ಲಾಸ್ಟ್' ಅಲ್ಲ, ಪರದೆ ಕೂಡದವರ ಸಾಲಿನಲ್ಲಿ ಇದ್ದಾರೆ. ಡಾಕ್ಟರ್ ಆ ತಿದ್ದುಪಡಿಯನ್ನು ತಮ್ಮ ಕೈಯಿಂದಲೇ ಮಾಡಿದರು. ಅದಕ್ಕೆ ನನಗೆ ಅವರ ಮೇಲೆ ಗೌರವ ಹೆಚ್ಚಾಗಿದೆ.

ನಾಳೆ ಬುಧವಾರ. ಪಟ್ಟಿಯಲ್ಲಿ ಐದು ಹೆಸರುಗಳಿವೆ. ನಾಲ್ವರು ಬರುತ್ತೇವೆ ಅಂದಿದ್ದಾರೆ. ಮುಂಡರಗಿಯ ಅಜ್ಜನ ಫೋನ್ ಮೊಮ್ಮಗನ ಹತ್ತಿರ ಇದೆ, ಅವನು ಮನೆಗೆ ಬರುವುದು ಸಂಜೆ ಏಳಕ್ಕೆ. ಈಗ ಏಳು ಹತ್ತು. ಫೋನ್ ಮಾಡಬೇಕು.